ಸ್ಟೋನ್ಸ್ ಸಾಕ್ಷ್ಯಚಿತ್ರಗಳಿಗೆ ಪಾಟೀಸವಾಲು: ಮಲೆನಾಡಿನ ಮನೆಯಲ್ಲಿ ಐದು ರಾತ್ರಿಯ ಏರ್ಪಾಡು

ಸಾಕ್ಷ್ಯಚಿತ್ರ ಎಂಬ ಪದದೊಳಗೇ ಸಾಕ್ಷಿ ಕೂತಿದ್ದಾನೆ. ಸಾಕ್ಷಿ ಅಂದಮೇಲೆ ಪಾಟೀಸವಾಲು ಆಗಲೇಬೇಕು. ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಆ ಹೆಸರಿನಲ್ಲಿ ಮೊದಲು ವೇದಿಕೆ ಹತ್ತಿದ್ದು 1962ರ ಜುಲೈ 12ರಂದು, ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ. 2023ರಲ್ಲೂ ಹೊಸ ಆಲ್ಬಮ್ ತಂದರು. ನಡುವಿನ ಅರವತ್ತು ವರ್ಷಗಳಲ್ಲಿ ಇವರ ಮೇಲೆ ಬಂದ ಚಿತ್ರಗಳಲ್ಲಿ ಕೆಲವು ಕಂಡದ್ದನ್ನು ಹೇಳುತ್ತವೆ, ಕೆಲವು ಹೇಳಿಕೊಟ್ಟದ್ದನ್ನು ಹೇಳುತ್ತವೆ. ಯಾವುದು ಯಾವುದೆಂದು ಬಿಡಿಸಿಕೊಳ್ಳುವುದಕ್ಕೇ ಜೊತೆಯಲ್ಲಿ ಕೂತು ನೋಡಬೇಕು, ನೋಡಿದ ಮೇಲೆ ವಾದ ಮಾಡಬೇಕು. ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಒಂದು ಮನೆಯಲ್ಲಿ ಎಂಟರಿಂದ ಹನ್ನೆರಡು ಜನ ಸೇರಿ ಐದು ರಾತ್ರಿ ನಡೆಸಬಹುದಾದ ಕ್ರಮ ಇಲ್ಲಿದೆ.

ಕಾಲ ಮತ್ತು ಜಾಗ

ಮೃಗಶಿರೆ ಹಿಡಿದಲ್ಲಿಂದ ಉತ್ತರೆ ಮುಗಿಯುವವರೆಗೆ ಈ ಆಸೆಯೇ ಬೇಡ. ಹೆಂಚಿನ ಮಾಡಿನ ಮೇಲೆ ಮಳೆ ಬೀಳುವಾಗ ಹಾಡು ಹೇಗೋ ಕೇಳುತ್ತದೆ, ಸಂದರ್ಶನದ ಮಾತು ಕೇಳುವುದಿಲ್ಲ. ತಗಡಿನ ಶೀಟಿನ ಕೆಳಗೆ ಎರಡೂ ಇಲ್ಲ. ಕೊನೆಕೊಯ್ಲು ಶುರುವಾದ ಮೇಲೆ ರಾತ್ರಿ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ಅಡಿಕೆ ಸುಲಿಯುತ್ತ ಸಬ್‌ಟೈಟಲ್ ಓದಲು ಹೋದರೆ ಬೆರಳು ಹೋದೀತು. ಆ ದಿನಗಳಿಗೆ ಸಂಗೀತ ಕಛೇರಿಯ ಚಿತ್ರ ಸರಿ. 2006ರಲ್ಲಿ ನ್ಯೂಯಾರ್ಕಿನ ಬೀಕನ್ ಥಿಯೇಟರಿನಲ್ಲಿ ಮಾರ್ಟಿನ್ ಸ್ಕಾರ್ಸೆಸೆ ಚಿತ್ರೀಕರಿಸಿ 2008ರಲ್ಲಿ ಬಿಡುಗಡೆ ಮಾಡಿದ ‘ಶೈನ್ ಎ ಲೈಟ್’ ಹಾಕಿ ಬಿಡಿ. ತಲೆ ಎತ್ತದೆಯೂ ಮುಕ್ಕಾಲು ಪಾಲು ದಕ್ಕುತ್ತದೆ. ಕೂತು ನೋಡಬೇಕಾದ ಚಿತ್ರಗಳನ್ನು ಶಿವರಾತ್ರಿ ಕಳೆದ ಮೇಲೆ ಇಟ್ಟುಕೊಳ್ಳಿ. ಕೊನೆಯ ಬಸ್ಸು ಬೇಗ ಹೋಗುವ ಊರಾದರೆ ಬಂದವರು ಅಲ್ಲೇ ಮಲಗುವ ಏರ್ಪಾಡೂ ಬೇಕು, ಏಕೆಂದರೆ ಚಿತ್ರ ಒಂದೂವರೆ ಗಂಟೆಯದಾದರೆ ವಾದ ಎರಡು ಗಂಟೆಯದು.

ಒಳಜಗಲಿ ಒಳ್ಳೆಯ ಜಾಗ. ಹೊರಜಗಲಿಯಲ್ಲೋ ಅಂಗಳದ ಚಪ್ಪರದಲ್ಲೋ ಮಾಡುವುದಾದರೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಕಾನೂನಿನ ತಡೆ ಇದೆ ಎನ್ನುವುದು ನೆನಪಿರಲಿ. ಟಿಕೆಟ್ ಇಟ್ಟು, ಬೋರ್ಡು ಬರೆದು ಊರನ್ನೆಲ್ಲ ಕರೆದರೆ ಅದು ಸಾರ್ವಜನಿಕ ಪ್ರದರ್ಶನವಾಗುತ್ತದೆ, ಚಿತ್ರದ ಹಕ್ಕುದಾರರ ಅನುಮತಿ ಬೇಕಾಗುತ್ತದೆ. ಪರಿಚಯದವರು ಮನೆಯಲ್ಲಿ ಕೂತು ನೋಡುವ ಮಟ್ಟಕ್ಕೇ ನಿಲ್ಲಿಸಿ.

ಪರದೆ, ಬೆಳಕು, ಕರೆಂಟು

100 ಇಂಚಿನ 16:9 ಚಿತ್ರಕ್ಕೆ ಸುಮಾರು ಏಳೂಕಾಲು ಅಡಿ ಅಗಲ, ನಾಲ್ಕು ಅಡಿ ಎತ್ತರದ ಜಾಗ ಬೇಕು. ಸುಣ್ಣವೋ ಬಿಳಿ ಡಿಸ್ಟೆಂಪರೋ ಬಳಿದ ನುಣುಪು ಗೋಡೆ ಇದ್ದರೆ ಪರದೆಯ ಗೊಡವೆ ಇಲ್ಲ. ಬೆಡ್‌ಶೀಟ್ ಕಟ್ಟುವುದಾದರೆ ಹಿಂದೆ ಕಪ್ಪು ಕಂಬಳಿ ಇಳಿಬಿಡಿ. ಒಂದೇ ಪದರದ ಬಟ್ಟೆಯಲ್ಲಿ ಬೆಳಕು ತೂರಿ ಹೋಗಿ ಚಿತ್ರ ಮಂಕಾಗುತ್ತದೆ. ಪ್ರೊಜೆಕ್ಟರಿನ ಥ್ರೋ ಅನುಪಾತ 1.5 ಎಂದಿದ್ದರೆ ಪರದೆಯ ಅಗಲದ ಒಂದೂವರೆ ಪಟ್ಟು ದೂರ, ಅಂದರೆ ಇಲ್ಲಿ ಹತ್ತಿರಹತ್ತಿರ 11 ಅಡಿ. ಕೀಸ್ಟೋನ್ ತಿರುಗಿಸಿ ಸೊಟ್ಟ ಸರಿಮಾಡುವ ಬದಲು ಪ್ರೊಜೆಕ್ಟರನ್ನೇ ಪರದೆಯ ನೇರಕ್ಕೆ ಇಡಿ. ಕೀಸ್ಟೋನ್ ಹೆಚ್ಚಾದಷ್ಟೂ ಅಕ್ಷರದ ಅಂಚು ಮಸುಕಾಗುತ್ತದೆ.

ಹಳೆಯ ಚಿತ್ರಗಳು 16:9 ಅಗಲದವಲ್ಲ, ಚೌಕಕ್ಕೆ ಹತ್ತಿರದವು. ಟಿವಿಯಲ್ಲೋ ಪ್ರೊಜೆಕ್ಟರಿನಲ್ಲೋ ‘ಸ್ಟ್ರೆಚ್’ ಇಟ್ಟಿದ್ದರೆ 1965ರ ಕಡ್ಡಿಯಂಥ ಹಾಡುಗಾರ ಮಿಕ್ ಜ್ಯಾಗರ್ ಪೈಲ್ವಾನನಾಗಿ ಕಾಣುತ್ತಾನೆ. ‘ಒರಿಜಿನಲ್’ ಇಲ್ಲವೆ ‘ಆಟೋ’ ಇಡಿ, ಎರಡೂ ಬದಿ ಕಪ್ಪು ಪಟ್ಟಿ ಬರಲಿ.

ಮೊದಲ ಮಳೆ ಬಿದ್ದ ಸಂಜೆ ಮಳೆಹುಳುಗಳು ಪ್ರೊಜೆಕ್ಟರಿಗೆ ಮುತ್ತುತ್ತವೆ. ಲೆನ್ಸಿನ ಮುಂದೆ ಹಾರುವುದು ದೊಡ್ಡ ತೊಂದರೆಯಲ್ಲ, ಗಾಳಿ ಎಳೆಯುವ ಜಾಲರಿಗೆ ಸಿಕ್ಕಿ ಗಾಳಿ ಕಟ್ಟಿದರೆ ಪ್ರೊಜೆಕ್ಟರು ಕಾದು ತಾನೇ ಆಫ್ ಆಗುತ್ತದೆ. ಅಂಗಳದ ತುದಿಯಲ್ಲಿ ಒಂದು ಬಲ್ಬು ಉರಿಸಿ ಅದರ ಕೆಳಗೆ ನೀರಿನ ಬೋಗುಣಿ ಇಡಿ, ಒಳಗಿನ ಬಾಗಿಲು ಕಿಟಕಿ ಮುಚ್ಚಿ.

ಕರೆಂಟು ಹೋಗಿಯೇ ಹೋಗುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಕೂರಬೇಕು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇದೆ. ಬ್ಯಾಟರಿ ಪೂರ್ತಿ ಬರಿದಾಗಲು ಬಿಡಬಾರದು, ಇನ್ವರ್ಟರ್ ತಿನ್ನುವುದೂ ಇದೆ. ಕೈಗೆ ಸಿಗುವುದು ಸುಮಾರು 850 ಎಂದಿಟ್ಟುಕೊಳ್ಳಿ. ಎಲ್‌ಇಡಿ ಪ್ರೊಜೆಕ್ಟರಿಗೆ 120, ಲ್ಯಾಪ್‌ಟಾಪಿಗೆ 50, ಸ್ಪೀಕರಿಗೆ 50, ಒಂದು ಫ್ಯಾನಿಗೆ 70 ಸೇರಿದರೆ 290 ವ್ಯಾಟ್: ಮೂರು ಗಂಟೆಗೆ ಅಡ್ಡಿಯಿಲ್ಲ. ಲ್ಯಾಂಪ್ ಇರುವ ಹಳೆಯ ಪ್ರೊಜೆಕ್ಟರ್ ಒಂದೇ 300 ತಿನ್ನುತ್ತದೆ, ಆಗ ಎರಡು ಗಂಟೆ ಮುಟ್ಟುವುದೂ ಕಷ್ಟ. ಫ್ರಿಜ್ ಮತ್ತು ಉಳಿದ ಫ್ಯಾನ್‌ಗಳನ್ನು ಇನ್ವರ್ಟರ್ ಲೈನಿನಿಂದ ತೆಗೆಯಿರಿ. ಇನ್ವರ್ಟರಿನ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆಗೆ ಹಾಕಿ. ಅದು ಇನ್ನೊಂದು ಕಡೆಗಿದ್ದರೆ ಬದಲಾಗುವ ಆ ಕ್ಷಣದಲ್ಲಿ ಪ್ರೊಜೆಕ್ಟರ್ ಆಫ್ ಆಗುತ್ತದೆ. ಲ್ಯಾಂಪ್ ಪ್ರೊಜೆಕ್ಟರಿಗೆ ಇದು ನಿಜವಾದ ಅಪಾಯ: ಫ್ಯಾನ್ ನಿಂತು ಕಾದ ಲ್ಯಾಂಪಿನ ಬಿಸಿ ಹೋಗಲು ದಾರಿಯಿರುವುದಿಲ್ಲ, ಆಯುಷ್ಯ ಕಡಿಮೆಯಾಗುತ್ತದೆ. ಗುಡುಗು ಶುರುವಾದರೆ ಪ್ಲಗ್ಗುಗಳನ್ನೇ ಕಿತ್ತುಬಿಡಿ, ಆ ರಾತ್ರಿ ಮಾತಿಗಷ್ಟೇ ಸಾಕು.

ದನಿ

ಇಲ್ಲಿ ಕೆಡುವುದೇ ಹೆಚ್ಚು, ಅದಕ್ಕೇ ಸ್ವಲ್ಪ ಉದ್ದ.

ಸಂಗೀತ ಜೋರಾಗಿ ಕೇಳಿ ಮಾತು ಮಾತ್ರ ನೀರಿನೊಳಗಿಂದ ಬಂದಂತಿದ್ದರೆ ಡಿಸ್ಕಿನ ಆಡಿಯೋ 5.1ರಲ್ಲಿದೆ, ಅಂದರೆ ಆರು ಸ್ಪೀಕರಿಗೆ ಹಂಚಿದ್ದು; ನಿಮ್ಮಲ್ಲಿರುವುದು ಎರಡೇ ಸ್ಪೀಕರ್. ಮಾತು ನಡುವಿನ ಚಾನೆಲ್ಲಿನಲ್ಲಿರುತ್ತದೆ, ಅದು ಎಲ್ಲೂ ಹೋಗದೆ ಕಳೆದುಹೋಗುತ್ತದೆ. ಮೆನುವಿನಲ್ಲಿ ‘ಸ್ಟೀರಿಯೋ’ ಆರಿಸಿ.

ಡ್ರಮ್ಮರ್ ಚಾರ್ಲಿ ವಾಟ್ಸ್‌ನ ಕೋಲು ಬಿದ್ದ ಮೇಲೆ ಸ್ನೇರ್ ಡ್ರಮ್ಮಿನ ಸದ್ದು ಬರುತ್ತಿದ್ದರೆ ತಪ್ಪು ಚಾರ್ಲಿಯದಲ್ಲ, ಬ್ಲೂಟೂತ್ ಸ್ಪೀಕರಿನದು. ವೈರ್ ಹಾಕಿ. ವೈರ್ ಇಲ್ಲವೆಂದರೆ ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ‘ಜೆ’ ಕೀಲಿ ಒತ್ತಿದಷ್ಟು ಸಲ ದನಿ 50 ಮಿಲಿಸೆಕೆಂಡ್ ಮುಂಚೆ ಬರುತ್ತದೆ, ‘ಕೆ’ ಒತ್ತಿದರೆ ತಡವಾಗುತ್ತದೆ. ಮೂರು ನಾಲ್ಕು ಸಲ ಒತ್ತಿ, ಡ್ರಮ್ಸಿನ ದೃಶ್ಯದಲ್ಲೇ ಹೊಂದಿಸಿ. ಮುಖ ನೋಡಿ ಹೊಂದಿಸಲು ಹೋದರೆ ಸರಿ ಕೂರುವುದಿಲ್ಲ.

‘ಗುಂಯ್’ ಎನ್ನುವ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತಿತೆಂದರೆ ಅರ್ಥಿಂಗಿನ ಸುತ್ತು. ಪ್ರೊಜೆಕ್ಟರ್, ಲ್ಯಾಪ್‌ಟಾಪ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಮೂರನೆಯ ಪಿನ್ ಮುರಿಯುವ ಜಾಣತನ ಮಾತ್ರ ಬೇಡ. ಇನ್ವರ್ಟರಿನಲ್ಲಿದ್ದಾಗ ಮಾತ್ರ ಸದ್ದು ಬರುವುದಾದರೆ ಇನ್ವರ್ಟರ್ ಸೈನ್‌ವೇವ್ ಅಲ್ಲದ್ದು, ಅದಕ್ಕೆ ಆ ರಾತ್ರಿ ಮದ್ದಿಲ್ಲ. ಅಟ್ಟದ ಮರದ ಹಲಗೆಯ ಮೇಲೆ ಸ್ಪೀಕರ್ ಇಟ್ಟರೆ ಹಲಗೆಯೇ ನಡುಗಿ ಬಿಲ್ ವೈಮನ್‌ನ ಬೇಸ್ ಕಲಸಿಹೋಗುತ್ತದೆ. ನಾಲ್ಕು ಮಡಿಕೆ ಗೋಣಿಚೀಲ ಹಾಸಿ, ಸ್ಪೀಕರನ್ನು ಕೂತವರ ಕಿವಿಯ ಎತ್ತರಕ್ಕೆ ತನ್ನಿ.

ಗಿಟಾರ್ ಹಿಡಿದು ಜೊತೆಗೆ ನುಡಿಸಲು ಬರುವವರಿಗೆ ಒಂದು ಗುಟ್ಟು. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆದ ಚಿತ್ರವನ್ನು ‘ಪಾಲ್’ ಪದ್ಧತಿಯ ಡಿವಿಡಿಗೆ ಇಳಿಸುವಾಗ 25ಕ್ಕೆ ಓಡಿಸುತ್ತಾರೆ. 100 ನಿಮಿಷದ್ದು 96ಕ್ಕೆ ಮುಗಿಯುತ್ತದೆ. ಶ್ರುತಿ ತಿದ್ದದೇ ಬಿಟ್ಟಿದ್ದರೆ ಹಾರ್ಮೋನಿಯಂನ ಒಂದು ಮನೆಗೆ ಸ್ವಲ್ಪ ಕಡಿಮೆಯಷ್ಟು ಏರಿರುತ್ತದೆ. ಸರಿಯಾದ ಶ್ರುತಿಯಲ್ಲಿರುವ ಗಿಟಾರ್ ಇದಕ್ಕೆ ಕೂಡುವುದಿಲ್ಲ. ವಿಎಲ್‌ಸಿಯಲ್ಲಿ ವೇಗವನ್ನು 0.96ಕ್ಕೆ ಇಳಿಸಿ, ಆಡಿಯೋ ಸೆಟ್ಟಿಂಗಿನಲ್ಲಿ ‘ಟೈಮ್ ಸ್ಟ್ರೆಚಿಂಗ್’ ತೆಗೆದುಹಾಕಿ. ಅದು ಇದ್ದರೆ ವೇಗ ಇಳಿದರೂ ಶ್ರುತಿ ಇಳಿಯುವುದಿಲ್ಲ. ಹೊರದೇಶದಿಂದ ತರಿಸಿದ ಡಿವಿಡಿಯಾದರೆ ವಲಯ ಸಂಖ್ಯೆಯನ್ನೂ ನೋಡಿ: ನಮ್ಮದು 5, ಅಮೆರಿಕದ್ದು 1, ಬ್ರಿಟನ್ನಿನದು 2.

ಓಟಿಟಿಯಲ್ಲಿ ಬಾಡಿಗೆಗೆ ತೆಗೆದುಕೊಳ್ಳುವುದಾದರೆ ನೆಟ್‌ವರ್ಕ್ ಇರುವ ಕಡೆಯಲ್ಲಿ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಒಮ್ಮೆ ಒತ್ತಿದರೆ ಸಾಮಾನ್ಯವಾಗಿ 48 ಗಂಟೆಯ ಗಡುವು ಶುರುವಾಗುತ್ತದೆ. ಮೊಬೈಲಿನಲ್ಲಿ ಚೆನ್ನಾಗಿ ಓಡಿದ್ದು ಪ್ರೊಜೆಕ್ಟರಿಗೆ ಮಿರರ್ ಮಾಡಿದಾಗ ಕಪ್ಪಾಗಿ ದನಿ ಮಾತ್ರ ಬಂದರೆ ಅದು ನಕಲು ತಡೆಯುವ ಬೀಗ, ಕೇಬಲ್ ಕೆಟ್ಟದ್ದಲ್ಲ. ಯಾವ ಉಪಕರಣದಲ್ಲಿ ತೋರಿಸುತ್ತೀರೋ ಅದರಲ್ಲೇ ಟ್ರೇಲರ್ ಹಾಕಿ ಹಿಂದಿನ ದಿನವೇ ನೋಡಿಕೊಳ್ಳಿ.

ಕನ್ನಡ ಸಬ್‌ಟೈಟಲ್

ಗಿಟಾರಿನ ಕೀತ್ ರಿಚರ್ಡ್ಸ್ ಗೊಣಗುವುದನ್ನು ಇಂಗ್ಲಿಷ್ ಬಲ್ಲವರೂ ಹಿಡಿಯಲಾರರು. ಇಡೀ ಚಿತ್ರಕ್ಕೆ ಕನ್ನಡ ಹಾಕುವುದು ವಾರಗಳ ಕೆಲಸ. ವಾದಕ್ಕೆ ಬೇಕಾಗುವ ಹದಿನೈದು ಇಪ್ಪತ್ತು ನಿಮಿಷಕ್ಕೆ ಹಾಕಿದರೆ ಸಾಕು. ಸಬ್‌ಟೈಟಲಿನ ಎಸ್‌ಆರ್‌ಟಿ ಕಡತ ಬರೀ ಪಠ್ಯ: ಒಂದು ಸಾಲಿನಲ್ಲಿ ಕ್ರಮಸಂಖ್ಯೆ, ಮುಂದಿನದರಲ್ಲಿ 00:41:07,500 --> 00:41:10,000 ಎಂಬಂತೆ ಸಮಯ, ಅದರ ಕೆಳಗೆ ಮಾತು, ಆಮೇಲೆ ಒಂದು ಖಾಲಿ ಸಾಲು. ಎರಡು ಸಾಲಿಗಿಂತ ಹೆಚ್ಚು ಬೇಡ, ಎರಡು ಸೆಕೆಂಡಿಗಿಂತ ಕಡಿಮೆ ಬೇಡ. ಕನ್ನಡದ ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ ವಾಕ್ಯವನ್ನು ಎರಡು ತುಂಡಾಗಿ ತೋರಿಸಿದರೆ ಮೊದಲ ತುಂಡು ನೇತಾಡುತ್ತದೆ, ಮಾತನ್ನೇ ಚಿಕ್ಕದಾಗಿಸಿ.

ಕಡತವನ್ನು ಯುಟಿಎಫ್-8ರಲ್ಲಿ ಉಳಿಸದಿದ್ದರೆ ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಬರಹವನ್ನು ಅಂಟಿಸಿದರೆ ಅಡ್ಡಾದಿಡ್ಡಿ ಅಕ್ಷರ. ಒತ್ತಕ್ಷರ ಕಳಚಿ ಪಕ್ಕಕ್ಕೆ ಬಿದ್ದರೆ ಅಕ್ಷರಶೈಲಿ ಬದಲಿಸಿ. ಹಳೆಯ ವಿಂಡೋಸಿನಲ್ಲಿದ್ದ ಕನ್ನಡ ಫಾಂಟಿನ ಹೆಸರೇ ತುಂಗಾ (ಹೊಸದರಲ್ಲಿ ನಿರ್ಮಲಾ), ಶಿವಮೊಗ್ಗದವರಿಗೆ ಹುಡುಕಲು ಕಷ್ಟವಾಗಬಾರದು. ಹಾಡಿನ ಸಾಹಿತ್ಯವನ್ನು ಅನುವಾದಿಸಲು ಹೋಗಬೇಡಿ. ಓದುತ್ತ ಕೂತವರು ಕೈಬೆರಳು ನೋಡುವುದಿಲ್ಲ.

ಯಾವ ರಾತ್ರಿ ಯಾವುದು

ಬಿಡುಗಡೆಯ ವರ್ಷ ಬಿಡಿ, ಚಿತ್ರದಲ್ಲಿ ನಡೆಯುವ ಕಾಲದ ಕ್ರಮದಲ್ಲಿ ನೋಡಿ. ಪ್ರತಿ ರಾತ್ರಿ ಶುರುವಿಗೆ ಮೊದಲು ನಾಲ್ಕು ಪ್ರಶ್ನೆ ಹಲಗೆಯ ಮೇಲೆ ಬರೆಯಿರಿ: ಯಾವಾಗ ತೆಗೆದದ್ದು, ಯಾವಾಗ ತೋರಿಸಿದ್ದು, ದುಡ್ಡು ಯಾರದು, ಕತ್ತರಿ ಯಾರ ಕೈಯಲ್ಲಿತ್ತು. ಉಳಿದ ವಾದವೆಲ್ಲ ಈ ನಾಲ್ಕರಿಂದಲೇ ಹುಟ್ಟುತ್ತದೆ.

ಮೊದಲ ರಾತ್ರಿ ‘ಚಾರ್ಲಿ ಈಸ್ ಮೈ ಡಾರ್ಲಿಂಗ್’. 1965ರ ಸೆಪ್ಟೆಂಬರಿನಲ್ಲಿ ಐರ್ಲೆಂಡಿನ ಪ್ರವಾಸದಲ್ಲಿ ಪೀಟರ್ ವೈಟ್‌ಹೆಡ್ ತೆಗೆದದ್ದು. ತೆಗೆಸಿದವನು ತಂಡದ ಮ್ಯಾನೇಜರ್ ಆಂಡ್ರ್ಯೂ ಓಲ್ಡಮ್. ಒಂದು ಗಂಟೆಯ ಆಸುಪಾಸು. ಹೋಟೆಲ್ ಕೋಣೆಯಲ್ಲಿ ಮಿಕ್ ಮತ್ತು ಕೀತ್ ಹಾಡು ಕಟ್ಟುವ ಭಾಗದಲ್ಲಿ ನಿಲ್ಲಿಸಿ, ಹಿಂದಕ್ಕೆ ಹೋಗಿ, ಎರಡನೆಯ ಸಲ ನೋಡಿ. ಇದೇ ಓಲ್ಡಮ್ 1963ರಲ್ಲಿ ಪಿಯಾನೋದ ಇಯಾನ್ ಸ್ಟುವರ್ಟನನ್ನು ತಂಡದ ಮುಂದಿನ ಸಾಲಿನಿಂದ ತೆಗೆದವನು. ಸ್ಟುವರ್ಟ್ 1985ರಲ್ಲಿ ಸಾಯುವವರೆಗೂ ಅವರ ಸಾಮಾನು ಸಾಗಿಸುತ್ತ, ಪಿಯಾನೋ ನುಡಿಸುತ್ತ ಜೊತೆಗೇ ಇದ್ದ. ಅವನು ಎಲ್ಲಿ ಕಾಣುತ್ತಾನೆ, ಎಲ್ಲಿ ಕಾಣಬೇಕಿತ್ತು ಎಂದು ಐದೂ ರಾತ್ರಿ ಗುರುತು ಹಾಕಲು ಒಬ್ಬರಿಗೆ ಹೇಳಿ.

ಎರಡನೆಯ ರಾತ್ರಿ ಫ್ರೆಂಚ್ ನಿರ್ದೇಶಕ ಗೊದಾರ್ 1968ರಲ್ಲಿ ಮಾಡಿದ ‘ಒನ್ ಪ್ಲಸ್ ಒನ್’. ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ‘ಸಿಂಪತಿ ಫಾರ್ ದ ಡೆವಿಲ್’ ಎಂಬ ಒಂದೇ ಹಾಡು ಮಂದಗತಿಯಿಂದ ಸಾಂಬಾ ಲಯಕ್ಕೆ ತಿರುಗುವುದನ್ನು ಕ್ಯಾಮೆರಾ ಸುತ್ತುತ್ತ ನೋಡುತ್ತದೆ; ನಡುನಡುವೆ ಹಾಡಿಗೆ ಸಂಬಂಧವಿಲ್ಲದ ರಾಜಕೀಯ ದೃಶ್ಯಗಳು. ತಾಳ್ಮೆ ಬೇಡುವ ಚಿತ್ರ, ಮೊದಲೇ ಹೇಳಿಬಿಡಿ. ನೋಡಬೇಕಾದದ್ದು ಅಡ್ಡಗೋಡೆಗಳ ಹಿಂದೆ ಅಕೌಸ್ಟಿಕ್ ಗಿಟಾರ್ ಹಿಡಿದು ಒಬ್ಬನೇ ಕೂತ ತಂಡದ ಇನ್ನೊಬ್ಬ ಗಿಟಾರ್ ವಾದಕ ಬ್ರಯಾನ್ ಜೋನ್ಸ್. ಮರುವರ್ಷದ ಜೂನ್‌ನಲ್ಲಿ ತಂಡ ಬಿಟ್ಟ, ಜುಲೈ 3ರಂದು 27ನೆಯ ವಯಸ್ಸಿನಲ್ಲಿ ಸತ್ತ. ಯಾವ ಆವೃತ್ತಿ ಸಿಕ್ಕಿದೆ ಎಂದೂ ನೋಡಿ: ಗೊದಾರ್‌ನ ‘ಒನ್ ಪ್ಲಸ್ ಒನ್’ನಲ್ಲಿ ಹಾಡು ಪೂರ್ತಿಯಾಗಿ ಕೇಳುವುದೇ ಇಲ್ಲ, ನಿರ್ಮಾಪಕರ ಆವೃತ್ತಿಯಲ್ಲಿ ಕೊನೆಗೆ ಇಡೀ ಹಾಡನ್ನು ಸೇರಿಸಿದ್ದಾರೆ. ಗೊದಾರ್ ಕೆರಳಿದ್ದು ಅದಕ್ಕೇ. ಎರಡೂ ಸಿಕ್ಕರೆ ಕೊನೆಯ ಹತ್ತು ನಿಮಿಷ ಎರಡನ್ನೂ ಹಾಕಿ; ಕತ್ತರಿ ಯಾರದು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಮೂರನೆಯದು ‘ಗಿಮ್ಮೀ ಶೆಲ್ಟರ್’, ಐದರಲ್ಲಿ ಎಲ್ಲಕ್ಕಿಂತ ಗಟ್ಟಿ. ಮೇಯ್ಸಲ್ಸ್ ಸಹೋದರರು ಮತ್ತು ಷಾರ್ಲಟ್ ಜ್ವೆರಿನ್ 1969ರ ಕೊನೆಯಲ್ಲಿ ತೆಗೆದು 1970ರಲ್ಲಿ ತೋರಿಸಿದರು. ನಿಜವಾದ ಕೊಲೆಯೊಂದು ಇದರಲ್ಲಿದೆ. ಮಕ್ಕಳನ್ನು ಮಲಗಿಸಿದ ಮೇಲೆ ಹಾಕಿ, ದೊಡ್ಡವರಿಗೂ ಮುಂಚೆ ತಿಳಿಸಿ. ಚಿತ್ರ ಮೂರು ಕಾಲದಲ್ಲಿ ಓಡುತ್ತದೆ: ನವೆಂಬರಿನ ನ್ಯೂಯಾರ್ಕ್ ಕಛೇರಿಗಳು, ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಬಯಲಿನಲ್ಲಿ ನಡೆದ ಕಛೇರಿ, ಮತ್ತು ಆಮೇಲೆ ಎಡಿಟಿಂಗ್ ಮೇಜಿನ ಮುಂದೆ ಮಿಕ್, ಚಾರ್ಲಿ ಅದೇ ದೃಶ್ಯಗಳನ್ನು ನೋಡುತ್ತ ಕೂತದ್ದು. ಎಲ್ಲರಿಗೂ ಒಂದು ಹಾಳೆ ಕೊಟ್ಟು ಮೂರು ಕಂಬ ಎಳೆಸಿ, ದೃಶ್ಯ ಬದಲಾದಂತೆ ನಿಮಿಷ ಬರೆಯಿಸಿ. ಬರೆದವರಿಗೆ ಮಾತ್ರ ಆಮೇಲೆ ಮಾತಿಗೆ ಬಲ ಇರುತ್ತದೆ.

ಆಲ್ಟಮಾಂಟಿನ ಅವಾಂತರದ ಕಾರಣ ತಿಳಿದುಕೊಂಡು ಕೂರಬೇಕು. ಜಾಗ ಕೊನೆಯ ಎರಡು ದಿನಗಳಲ್ಲಿ ಬದಲಾಯಿತು. ಎತ್ತರದ ನೆಲದ ಮೇಲೆ ನಿಲ್ಲಿಸಲು ಯೋಚಿಸಿದ್ದ ತಗ್ಗಾದ ವೇದಿಕೆಯನ್ನೇ ಇಳಿಜಾರಿನ ಬುಡದಲ್ಲಿ ನಿಲ್ಲಿಸಿದರು; ಮೇಲಿನಿಂದ ಜನ ಒತ್ತಿಬಂದು ವೇದಿಕೆಯ ಮೇಲೇ ಬಿದ್ದರು. ಕಾವಲಿಗೆ ಹೆಲ್ಸ್ ಏಂಜೆಲ್ಸ್ ಬೈಕಿನವರು. 18 ವರ್ಷದ ಮೆರೆಡಿತ್ ಹಂಟರ್ ಇರಿತಕ್ಕೆ ಸತ್ತ. ಆ ದಿನ ಒಟ್ಟು ಸತ್ತವರು ನಾಲ್ವರು. ಆಗ ನಡೆಯುತ್ತಿದ್ದ ಹಾಡು ‘ಸಿಂಪತಿ ಫಾರ್ ದ ಡೆವಿಲ್’ ಎಂದು ಹೇಳುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಅಲ್ಲ, ‘ಅಂಡರ್ ಮೈ ಥಂಬ್’. ವಾದ ಬೇಡ, ರಿಮೋಟ್ ಒತ್ತಿ ತೋರಿಸಿ. ಈ ಚಿತ್ರ ಹೆಸರಿಗಷ್ಟೇ ಸಾಕ್ಷಿಯಲ್ಲ: ಆರೋಪಿಯ ವಿಚಾರಣೆಯಲ್ಲಿ ತೀರ್ಪುಗಾರರಿಗೆ ಈ ದೃಶ್ಯಗಳನ್ನು ತೋರಿಸಿದ್ದರು, 1971ರಲ್ಲಿ ಅವನು ಆತ್ಮರಕ್ಷಣೆಯ ವಾದದ ಮೇಲೆ ಬಿಡುಗಡೆಯಾದ.

ನಾಲ್ಕನೆಯದು ‘ಸ್ಟೋನ್ಸ್ ಇನ್ ಎಕ್ಸೈಲ್’, ಒಂದು ಗಂಟೆ. ಬ್ರಿಟನ್ನಿನ ತೆರಿಗೆ ತಪ್ಪಿಸಿಕೊಳ್ಳಲು 1971ರಲ್ಲಿ ಫ್ರಾನ್ಸಿನ ದಕ್ಷಿಣಕ್ಕೆ ಹೋಗಿ, ನೆಲ್‌ಕೋಟ್ ಎಂಬ ಬಂಗಲೆಯ ನೆಲಮಾಳಿಗೆಯಲ್ಲಿ ‘ಎಕ್ಸೈಲ್ ಆನ್ ಮೇನ್ ಸ್ಟ್ರೀಟ್’ ಆಲ್ಬಮ್ ರೆಕಾರ್ಡ್ ಮಾಡಿದ ಕತೆ. ಅಲ್ಲಿನ ಸೆಖೆ, ತೇವಕ್ಕೆ ಗಿಟಾರುಗಳ ಶ್ರುತಿ ನಿಲ್ಲುತ್ತಿರಲಿಲ್ಲ. ಆಷಾಢದಲ್ಲಿ ಮದ್ದಳೆಯನ್ನು ಶ್ರುತಿಗೆ ತರಲು ಒದ್ದಾಡುವವರಿಗೆ ಇದನ್ನು ವಿವರಿಸಬೇಕಿಲ್ಲ. ಚಿತ್ರ ಬಂದದ್ದು 2010ರಲ್ಲಿ, ಅದೇ ಹಳೆಯ ಆಲ್ಬಮ್ ಮತ್ತೆ ಮಾರುಕಟ್ಟೆಗೆ ಬಂದಾಗ. ಸೊಗಸಾಗಿದೆ, ಆದರೆ ಅಂಗಡಿಯವನೇ ಅಕ್ಕಿಯ ಗುಣ ಹೇಳಿದ ಹಾಗೆ.

ಐದನೆಯದು 2012ರ ‘ಕ್ರಾಸ್‌ಫೈರ್ ಹರಿಕೇನ್’, ತಂಡದ ಐವತ್ತನೆಯ ವರ್ಷಕ್ಕೆ ಬ್ರೆಟ್ ಮಾರ್ಗನ್ ಮಾಡಿದ್ದು. ನಿರ್ಮಾಪಕರಲ್ಲಿ ಜ್ಯಾಗರ್ ಕೂಡ ಒಬ್ಬ. ಹೊಸ ಸಂದರ್ಶನಗಳ ದನಿ ಮಾತ್ರ ಇದೆ, ಮುದುಕಾದ ಮುಖಗಳಿಲ್ಲ. ಕತೆ ಎಂಬತ್ತರ ದಶಕದ ಆರಂಭಕ್ಕೇ ನಿಂತುಬಿಡುತ್ತದೆ. ಆಮೇಲಿನ ಮೂವತ್ತು ವರ್ಷ ಎಲ್ಲಿ ಎಂದು ಕೇಳಿ. 1993ರಲ್ಲಿ ಬಿಲ್ ವೈಮನ್ ಬಿಟ್ಟುಹೋದದ್ದು, 2003ರ ಏಪ್ರಿಲ್ 4ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದು, ಎಲ್ಲ ಆ ಮೂವತ್ತರೊಳಗಿನವು.

ರಾಬರ್ಟ್ ಫ್ರ್ಯಾಂಕ್ 1972ರ ಪ್ರವಾಸದ ಮೇಲೆ ತೆಗೆದದ್ದನ್ನು ತಂಡವೇ ಕೋರ್ಟಿಗೆ ಹೋಗಿ ತಡೆಯಿತು. ಕಳ್ಳಪ್ರತಿಗಳು ಓಡಾಡುತ್ತವೆ, ನೋಡಲು ಆಗದಷ್ಟು ಮಸುಕು. ಪಟ್ಟಿಯಲ್ಲಿ ಬೇಡ, ತಡೆದರು ಎನ್ನುವ ಸಂಗತಿ ವಾದಕ್ಕೆ ಸಾಕಷ್ಟು ಮೇವು.

ಕಣ್ಣು ಎಲ್ಲಿಡಬೇಕು

ಚಾರ್ಲಿಯ ಬಲಗೈ. ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಎಡಗೈ ಸ್ನೇರಿಗೆ ಬೀಳುವಾಗ ಬಲಗೈ ಹೈ-ಹ್ಯಾಟ್ (ಡ್ರಮ್ಸಿನ ಜೋಡಿ ತಾಳ) ಬಿಟ್ಟು ಮೇಲೇಳುತ್ತದೆ. ಬಹಳ ಡ್ರಮ್ಮರರು ಅಲ್ಲಿ ಎರಡನ್ನೂ ಒಟ್ಟಿಗೆ ಬಾರಿಸುತ್ತಾರೆ. ಒಮ್ಮೆ ಕಂಡರೆ ಮತ್ತೆ ಕಾಣದೆ ಇರುವುದಿಲ್ಲ. ಕೀತ್ ಕೈಯ ಟೆಲಿಕಾಸ್ಟರ್ ಗಿಟಾರಿನಲ್ಲಿ ತಂತಿ ಎಣಿಸಿ: ಓಪನ್ ಜಿ ಶ್ರುತಿಯ ಹಾಡುಗಳಿಗೆ ದಪ್ಪ ತಂತಿ ತೆಗೆದು ಐದೇ ಇಟ್ಟಿರುತ್ತಾನೆ, ದಪ್ಪದಿಂದ ಸಣ್ಣಕ್ಕೆ ಜಿ, ಡಿ, ಜಿ, ಬಿ, ಡಿ. ಪಕ್ಕದಲ್ಲಿ ನಿಂತವನು ಬ್ರಯಾನ್ ಜೋನ್ಸೋ, ಮಿಕ್ ಟೇಲರೋ, 1975ರ ನಂತರದ ರಾನ್ ವುಡ್ಡೋ ಎಂದು ನೋಡಿದರೆ ಯಾವ ಕಾಲದ ದೃಶ್ಯ ಎಂದು ಗೊತ್ತಾಗುತ್ತದೆ. ತಾರೀಖು ಹಾಕದೆ ಹಳೆಯ ತುಣುಕನ್ನು ಬೇರೆ ವರ್ಷದ ಮಾತಿಗೆ ಅಂಟಿಸಿದ ಕಡೆಯೆಲ್ಲ ಈ ಗುರುತೇ ಹಿಡಿದುಕೊಡುತ್ತದೆ.

ವಾದದ ಕ್ರಮ

‘ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ತಾಳಮದ್ದಳೆಯ ಕಟ್ಟು ನಮ್ಮಲ್ಲೇ ಇದೆ, ಅದನ್ನೇ ತನ್ನಿ. ಪಾತ್ರ ಹಂಚಿ: ಮೂರನೆಯ ರಾತ್ರಿಗೆ ಒಬ್ಬರು ಜ್ಯಾಗರ್, ಒಬ್ಬರು ಏಂಜೆಲ್ಸ್ ಕಡೆಯವರು, ಒಬ್ಬರು ಜಾಗ ಬದಲಿಸಿದ ವ್ಯವಸ್ಥಾಪಕರು, ಒಬ್ಬರು ಕತ್ತರಿ ಹಿಡಿದ ಜ್ವೆರಿನ್. ಚೀಟಿ ಎತ್ತಿಸಿ; ಜ್ಯಾಗರನ ಪರಮಭಕ್ತರಿಗೆ ಏಂಜೆಲ್ಸ್ ಪಾತ್ರ ಬಂದರೆ ಇನ್ನೂ ಒಳ್ಳೆಯದು. ಒಬ್ಬೊಬ್ಬರಿಗೆ ನಾಲ್ಕು ನಿಮಿಷ, ಎದುರುತ್ತರಕ್ಕೆ ಎರಡು. ಪರದೆಯ ಮೇಲೆ ಕಂಡದ್ದನ್ನೇ ಆಧಾರವಾಗಿಟ್ಟು, ಎಷ್ಟನೆಯ ನಿಮಿಷ ಎಂದು ಹೇಳಿಯೇ ಅರ್ಥ ಹೇಳಬೇಕು. ಪ್ರಸಂಗ ಬಿಟ್ಟು ಹೊರಗೆ ಹೋದರೆ ಭಾಗವತರು ತಾಳ ತಟ್ಟಿ ನಿಲ್ಲಿಸುತ್ತಾರೆ. ತಾಳ ಇಲ್ಲದಿದ್ದರೆ ಸ್ಟೀಲ್ ಲೋಟ, ಚಮಚ ಸಾಕು. ಭಾಗವತರಾಗಿ ಕೂತವರು ತಾವು ವಾದಕ್ಕೆ ಇಳಿಯಬಾರದು, ರಿಮೋಟ್ ಅವರ ಕೈಯಲ್ಲೇ ಇರಬೇಕು.

ಕೆಡುವುದು ಎರಡು ಕಡೆ. ಓದಿಕೊಂಡು ಬಂದವರು ಆಲ್ಬಮ್ಮಿನ ಪಟ್ಟಿ ಒಪ್ಪಿಸಲು ತೊಡಗಿದರೆ ಹೊಸಬರು ಬಾಯಿ ಬಿಡುವುದಿಲ್ಲ. ಆ ಕಾರಣಕ್ಕೇ ಮೊದಲ ಮಾತು ಯಾವಾಗಲೂ ಸ್ಟೋನ್ಸ್ ಕೇಳದವರಿಗೆ ಕೊಡಿ. ಇನ್ನೊಂದು, ಬೀಟಲ್ಸ್ ದೊಡ್ಡವರೋ ಸ್ಟೋನ್ಸ್ ದೊಡ್ಡವರೋ ಎಂಬ ತಂಟೆ. ಅದು ಶುರುವಾದರೆ ಕಷಾಯಕ್ಕೆ ಎಬ್ಬಿಸಿ. ಮಂಡಕ್ಕಿಯನ್ನೂ ಆಗಲೇ ಕೊಡಿ. ಚಿತ್ರ ನಡೆಯುವಾಗ ಕೊಟ್ಟರೆ ಹನ್ನೆರಡು ಬಾಯಿಯ ಕರುಂ ಕುರುಂನಲ್ಲಿ ಚಾರ್ಲಿಯ ಹೈ-ಹ್ಯಾಟ್ ಮುಳುಗುತ್ತದೆ.

ಕೊನೆಗೆ ಎತ್ತಿಡುವಾಗ ಪ್ರೊಜೆಕ್ಟರಿನ ಫ್ಯಾನ್ ತಾನಾಗಿ ನಿಲ್ಲುವವರೆಗೆ ಪ್ಲಗ್ ಕೀಳಬೇಡಿ. ಡಿಸ್ಕುಗಳನ್ನು ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ಬದಲಾಗುವ ಜಾತಿಯದಾದರೆ ನೀಲಿ ಹರಳು ಗುಲಾಬಿಗೆ ತಿರುಗಿದಾಗ ತೇವ ಕುಡಿದು ಮುಗಿಸಿದೆ ಎಂದು ಲೆಕ್ಕ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ನೋಡಿ.